ಈಚೆಯ ನೆಕ್ಕಿನ ಸಂಗೀತ: ಪೆಡಲ್ ಸ್ಟೀಲ್ ಗಿಟಾರಿನಲ್ಲಿ ಜಾಝ್

ಅಮೆರಿಕದ ಕಂಟ್ರಿ ಹಾಡುಗಳಲ್ಲಿ ಗಾಯಕರ ಸಾಲು ಮುಗಿಯುತ್ತಿದ್ದಂತೆ ಹಿಂದಿನಿಂದ ಒಂದು ಜಾರುದನಿ ಎದ್ದು ಬರುತ್ತದೆ. ವಾದ್ಯದ ಹೆಸರು ಗೊತ್ತಿಲ್ಲದವರೂ ಆ ದನಿಯನ್ನು ಸಿನಿಮಾದಲ್ಲೋ ರೇಡಿಯೊದಲ್ಲೋ ಕೇಳಿರುತ್ತಾರೆ. ಅದು ಪೆಡಲ್ ಸ್ಟೀಲ್ ಗಿಟಾರ್. ವಿರಹದ ಹಾಡಿಗೆ ಕಣ್ಣೀರಿನ ಹಿನ್ನೆಲೆ ಒದಗಿಸುವ ವಾದ್ಯ ಎಂದೇ ಅದು ಹೆಸರಾಗಿದೆ. ಈ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆಯೆಂದರೆ, ಅದರಲ್ಲಿ ಜಾಝ್ ನುಡಿಸಿದ ಪ್ರತಿ ತಲೆಮಾರಿನ ಕಲಾವಿದರೂ ತಾವೇ ಮೊದಲಿಗರು ಎಂಬಂತೆ ಹೊಸದಾಗಿ ಪರಿಚಯ ಹೇಳಿಕೊಳ್ಳಬೇಕಾಗಿ ಬಂದಿದೆ. ಪೆಡಲ್ ಇಲ್ಲದ ಕಾಲದ ಸ್ಟೀಲ್ ಗಿಟಾರನ್ನೂ ಸೇರಿಸಿಕೊಂಡರೆ ಈ ವಾದ್ಯಕ್ಕೂ ಜಾಝ್‌ಗೂ ಇರುವ ನಂಟಿಗೆ ನೂರು ವರ್ಷ ಸಮೀಪಿಸಿದೆ. ಆದರೂ ‘ಇದರಲ್ಲಿ ಜಾಝ್ ಬರುತ್ತದೆಯೇ’ ಎಂಬ ಪ್ರಶ್ನೆ ಇನ್ನೂ ಮುಗಿದಿಲ್ಲ.

ಬರುತ್ತದೆಯೇ ಎಂಬುದನ್ನು 1963ರಲ್ಲೇ ಒಬ್ಬ ಕಲಾವಿದ ತೀರ್ಮಾನಿಸಿಬಿಟ್ಟ. ಅದಕ್ಕಿಂತ ದೊಡ್ಡ ಪ್ರಶ್ನೆ, ಯಾವ ಜಾಝ್ ಬರುತ್ತದೆ ಎಂಬುದು. ಸ್ಯಾಕ್ಸೊಫೋನಿನ ವೇಗವನ್ನು ಹಿಡಿಯಲು ಹೊರಟ ದಾರಿ ಒಂದು. ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ, ಒಳಗೇ ಒಂದೊಂದು ಸ್ವರವನ್ನು ಸರಿಸುತ್ತ ಸಾಗುವ ದಾರಿ ಇನ್ನೊಂದು. ಮೊದಲನೆಯದಕ್ಕೆ ಹೊಗಳಿಕೆ ಹೆಚ್ಚು ಸಿಕ್ಕಿದೆ. ಈ ವಾದ್ಯದ ನಿಜವಾದ ಕೊಡುಗೆ ಎರಡನೆಯದರಲ್ಲಿದೆ ಎಂದು ನನ್ನ ನಂಬಿಕೆ.

ವಾದ್ಯವನ್ನು ನೋಡದವರಿಗಾಗಿ ಎರಡು ಮಾತು. ನಾಲ್ಕು ಕಾಲುಗಳ ಮೇಲೆ ಅಡ್ಡಲಾಗಿ ಮಲಗಿಸಿದ ಉದ್ದನೆಯ ಚೌಕಟ್ಟು. ಅದರ ಮೇಲೆ ಸಾಮಾನ್ಯವಾಗಿ ಎರಡು ನೆಕ್, ಅಂದರೆ ತಂತಿ ಹಾಯುವ ಪಟ್ಟಿಗಳು, ಒಂದೊಂದಕ್ಕೆ ಹತ್ತು ತಂತಿ. ಫ್ರೆಟ್ ಎಂಬುದು ಬರೀ ಬಳಿದ ಗೆರೆ. ಅದಕ್ಕೆ ತಂತಿ ತಾಗುವುದೇ ಇಲ್ಲ. ಎಡಗೈಯಲ್ಲಿ ನುಣುಪಾದ ಉಕ್ಕಿನ ದುಂಡು ಬಾರ್. ಬಲಗೈಯ ಹೆಬ್ಬೆರಳಿಗೂ ಎರಡು ಬೆರಳುಗಳಿಗೂ ಪಿಕ್. ಇಷ್ಟರವರೆಗೆ ನಮ್ಮ ಗೋಟುವಾದ್ಯ ಬಲ್ಲವರಿಗೆ ಹೊಸದೇನೂ ಇಲ್ಲ: ತಂತಿಯ ಮೇಲೆ ಜಾರುವ ಗಟ್ಟಿವಸ್ತು, ಮೆಟ್ಟಿಲಿಲ್ಲದ ಸ್ವರಸ್ಥಾನ. ಬೇರೆಯಾಗುವುದು ಕೆಳಗೆ. ಎಡಗಾಲ ಬಳಿ ಪೆಡಲ್‌ಗಳ ಸಾಲು, ಎರಡೂ ಮೊಣಕಾಲುಗಳ ಅಕ್ಕಪಕ್ಕ ಲಿವರ್‌ಗಳು. ಒಂದೊಂದನ್ನು ಒತ್ತಿದಾಗಲೂ ಗೊತ್ತಾದ ಒಂದೆರಡು ತಂತಿಗಳ ಶ್ರುತಿ ಅರ್ಧ ಸ್ವರವೋ ಒಂದು ಸ್ವರವೋ ಏರುತ್ತದೆ, ಇಲ್ಲವೇ ಇಳಿಯುತ್ತದೆ; ಉಳಿದವು ಕದಲುವುದಿಲ್ಲ. ಬಲಗಾಲು ಇಡೀ ಹೊತ್ತು ವಾಲ್ಯೂಮ್ ಪೆಡಲ್ ಮೇಲೆ. ಎರಡು ಕೈ, ಎರಡು ಪಾದ, ಎರಡು ಮೊಣಕಾಲು, ಎಲ್ಲಕ್ಕೂ ಒಟ್ಟಿಗೆ ಕೆಲಸ.

ಸ್ಟೀಲ್ ಗಿಟಾರಿನ ತವರು ಹವಾಯಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒವಾಹು ದ್ವೀಪದ ಜೋಸೆಫ್ ಕೆಕುಕು ಈ ನುಡಿಸಾಣಿಕೆಯನ್ನು ರೂಪಿಸಿದರು ಎಂಬುದು ಹೆಚ್ಚಿನವರು ಒಪ್ಪುವ ಮಾತು. ಗೇಬ್ರಿಯಲ್ ಡೇವಿಯನ್ ಎಂಬ ಭಾರತೀಯ ಮೂಲದವರು ಅಲ್ಲಿ ಅದಕ್ಕೂ ಮುಂಚೆ ಹೀಗೆ ನುಡಿಸುತ್ತಿದ್ದರು ಎಂಬ ಹಳೆಯ ಪ್ರತೀತಿಯೂ ಇದೆ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಪನಾಮ–ಪೆಸಿಫಿಕ್ ಪ್ರದರ್ಶನದ ನಂತರ ಹವಾಯಿ ಸಂಗೀತದ ಹುಚ್ಚು ಅಮೆರಿಕದ ಉದ್ದಗಲಕ್ಕೂ ಹರಡಿತು. ಆ ಹುಚ್ಚಿನ ಕಾಲದಲ್ಲೇ ಜಾಝ್ ಕೂಡ ಬೆಳೆಯುತ್ತಿತ್ತು. ಎರಡೂ ಎದುರುಬದುರಾದದ್ದು ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ ಹೊನೊಲುಲುವಿನ ಸೋಲ್ ಹೋಪಿಯವರ ಕೈಯಲ್ಲಿ. 1920ರ ದಶಕದ ಅವರ ರೆಕಾರ್ಡುಗಳಲ್ಲಿ ಹವಾಯಿಯ ತೇಲುರಾಗ ಸ್ವಲ್ಪವೇ. ತುಂಡು ತುಂಡಾದ ಚುರುಕು ಲಯ, ತಾಳಕ್ಕೆ ತುಸು ಮುಂಚೆ ಬಿದ್ದು ಎದ್ದೇಳುವ ಸ್ವರಗಳು, ಕಾರ್ನೆಟ್ ವಾದಕರಿಂದ ಕಲಿತಂಥ ತಿರುವುಗಳು. ಜಾಝ್ ಕೇಳಿ ಸ್ಟೀಲ್ ನುಡಿಸಿದ ಮೊದಲ ದೊಡ್ಡ ಕಲಾವಿದ ಅವರೇ.

ಟೆಕ್ಸಸ್‌ನಲ್ಲಿ ಕಥೆ ಇನ್ನೂ ಬಿಸಿಯಾಯಿತು. ಮಿಲ್ಟನ್ ಬ್ರೌನ್ ಅವರ ಮ್ಯೂಸಿಕಲ್ ಬ್ರೌನೀಸ್ ತಂಡದಲ್ಲಿದ್ದ ಬಾಬ್ ಡನ್ ಮಾಮೂಲಿ ಗಿಟಾರಿನ ತಂತಿಗಳನ್ನು ಎತ್ತರಿಸಿ, ಪಿಕಪ್ ಹಾಕಿ, ಆಂಪ್ಲಿಫೈಯರ್‌ಗೆ ಜೋಡಿಸಿ ನುಡಿಸುತ್ತಿದ್ದವರು. 1935ರ ಜನವರಿಯಲ್ಲಿ ಶಿಕಾಗೊದಲ್ಲಿ ಆ ತಂಡ ಡೆಕ್ಕಾ ಕಂಪನಿಗೆ ಧ್ವನಿಮುದ್ರಣ ಮಾಡಿತು. ಗ್ರಾಮೀಣ ಅಮೆರಿಕದ ಸಂಗೀತದಲ್ಲಿ ವಿದ್ಯುತ್ ಗಿಟಾರಿನ ದನಿ ದಾಖಲಾದದ್ದು ಅಲ್ಲೇ ಮೊದಲು. ಡನ್ ಅವರ ಆದರ್ಶ ಗಿಟಾರ್ ವಾದಕರಲ್ಲ, ಟ್ರಾಂಬೋನ್ ನುಡಿಸುತ್ತಿದ್ದ ಜ್ಯಾಕ್ ಟೀಗಾರ್ಡನ್. ಈ ಆಯ್ಕೆಯಲ್ಲಿ ಒಂದು ಅರ್ಥವಿದೆ. ಜಾಝ್ ಊದುವಾದ್ಯಗಳ ಪೈಕಿ ಸ್ವರದಿಂದ ಸ್ವರಕ್ಕೆ ಮೈಯೊಡ್ಡಿ ಜಾರುವುದು ಟ್ರಾಂಬೋನ್ ಒಂದೇ. ಡನ್ ಸಣ್ಣ ಸಣ್ಣ ಮಾತುಗಳನ್ನು ಒರಟಾಗಿ, ಊದಿದ ಹಾಗೆ ನುಡಿಸಿ ಬಿಟ್ಟುಬಿಡುತ್ತಾರೆ. ತಂತಿವಾದ್ಯದ ನಾಜೂಕು ಅಲ್ಲಿ ಒಂದಿಷ್ಟೂ ಇಲ್ಲ.

1940ರ ದಶಕಕ್ಕೆ ಬಂದರೆ ಕ್ಯಾಲಿಫೋರ್ನಿಯಾದಲ್ಲಿ ಸ್ಪೇಡ್ ಕೂಲಿಯವರ ದೊಡ್ಡ ವೆಸ್ಟರ್ನ್ ಸ್ವಿಂಗ್ (ಕಂಟ್ರಿಗೆ ಜಾಝ್ ಲಯ ಬೆರೆಸಿದ ಶೈಲಿ) ತಂಡ, ಅದರಲ್ಲಿ ಸ್ಟೀಲಿಗೆ ವಾಕೀನ್ ಮರ್ಫಿ. ವಯಸ್ಸು ಇಪ್ಪತ್ತರ ಆಸುಪಾಸು. ‘ಒಕ್ಲಹೋಮ ಸ್ಟಾಂಪ್’ ರೆಕಾರ್ಡಿನಲ್ಲಿ ಅವರ ಕೈ ಕೇಳಿದವರಿಗೆ, ಇಷ್ಟು ಶುದ್ಧವಾಗಿ, ಇಷ್ಟು ಹಗುರವಾಗಿ ಸ್ಟೀಲಿನಲ್ಲಿ ಸ್ವಿಂಗ್ ಮಾಡಿದವರು ಇನ್ನೊಬ್ಬರಿಲ್ಲ ಅನ್ನಿಸಿದರೆ ಅದು ಅತಿಶಯವಲ್ಲ. ಪೆಡಲ್ ಇಲ್ಲ, ಲಿವರ್ ಇಲ್ಲ. ಬಾರನ್ನು ಓರೆಯಾಗಿ ಹಿಡಿದು ಬೇರೆ ಬೇರೆ ಫ್ರೆಟ್ಟಿನ ಸ್ವರಗಳನ್ನು ಒಂದುಗೂಡಿಸುವ ಹಳೆಯ ಕೈಚಳಕದಿಂದಲೇ ಅಷ್ಟನ್ನೂ ಸಾಧಿಸಿದವರು ಮರ್ಫಿ.

ಈ ಹೊತ್ತಿಗೆ ಸ್ವಿಂಗ್ ವಾದಕರು ಒಂದು ಟ್ಯೂನಿಂಗನ್ನು ನೆಚ್ಚಿಕೊಂಡಿದ್ದರು: ಸಿ6. ಸಿ, ಇ, ಜಿ, ಎ ಎಂಬ ನಾಲ್ಕು ಸ್ವರಗಳ ಮೇಲೆ ಕಟ್ಟಿದ ಶ್ರುತಿ. ಅದನ್ನು ಬಳಕೆಗೆ ತಂದವರಲ್ಲಿ ಜೆರ್ರಿ ಬರ್ಡ್ ಪ್ರಮುಖರು. ಬರ್ಡ್ ಮುಂದೆ ಪೆಡಲನ್ನು ಒಪ್ಪದೆ, 1970ರ ದಶಕದಲ್ಲಿ ಹವಾಯಿಗೇ ಹೋಗಿ ನೆಲೆಸಿ ಹಳೆಯ ಪದ್ಧತಿಯನ್ನು ಕಲಿಸುತ್ತ ಉಳಿದರು. ಅವರ ಹಟದಲ್ಲೂ ಒಂದು ಸತ್ಯವಿತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಪೆಡಲಿನ ಆರಂಭವೂ ಜಾಝ್ ಬ್ಯಾಂಡುಗಳ ಕಡೆಯಿಂದಲೇ. ಬಿಗ್ ಬ್ಯಾಂಡ್ ನಡೆಸುತ್ತಿದ್ದ ಆಲ್ವಿನೊ ರೇ ಅವರಿಗೆ ಬೇಕಾಗಿದ್ದದ್ದು ಹಾಡಿನ ನಡುವೆ ಕಾರ್ಡ್ ಬದಲಾಯಿಸುವ ಅನುಕೂಲ. 1940ರ ಹೊತ್ತಿಗೆ ಗಿಬ್ಸನ್ ಕಂಪನಿ ಪೆಡಲ್‌ಗಳಿದ್ದ ‘ಎಲೆಕ್ಟ್ರಾಹಾರ್ಪ್’ ತಂದಾಗ ಅದನ್ನು ಜನರ ಮುಂದೆ ನುಡಿಸಿ ತೋರಿಸಿದವರು ಅವರು. ಆ ಕಾಲದಲ್ಲಿ ಪೆಡಲ್ ಎಂದರೆ ಟ್ಯೂನಿಂಗ್ ಬದಲಿಸುವ ಸಲಕರಣೆ ಅಷ್ಟೇ. ಒತ್ತಬೇಕು, ಆಮೇಲೆ ಮೀಟಬೇಕು. 1953ರ ಕೊನೆಯಲ್ಲಿ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನಲ್ಲಿ ಗಾಯಕ ವೆಬ್ ಪಿಯರ್ಸ್ ಅವರ ‘ಸ್ಲೋಲಿ’ ಹಾಡಿಗೆ ಸ್ಟೀಲ್ ನುಡಿಸಿದ ಬಡ್ ಐಸಾಕ್ಸ್ ಈ ಕ್ರಮವನ್ನು ತಲೆಕೆಳಗು ಮಾಡಿದರು. ಮೀಟಿದ ತಂತಿ ಇನ್ನೂ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿದರು. ಒಂದು ತಂತಿ ಅಲುಗದೆ ನಿಂತಿದೆ, ಪಕ್ಕದ್ದು ಅದರ ಎದುರಿಗೇ ಏರುತ್ತಿದೆ. 1954ರಲ್ಲಿ ಆ ಹಾಡು ಗೆದ್ದ ಮೇಲೆ ದೇಶದ ಸ್ಟೀಲ್ ವಾದಕರೆಲ್ಲ ತಮ್ಮ ವಾದ್ಯಗಳಿಗೆ ಪೆಡಲ್ ಕಟ್ಟಿಸಲು ಧಾವಿಸಿದರು.

ಒಂದೇ ವಾದ್ಯ ಎರಡಾಗಿ ಒಡೆದದ್ದು ಇಲ್ಲಿಂದಲೇ. ನ್ಯಾಶ್‌ವಿಲ್ ಸ್ಟುಡಿಯೊಗಳಿಗೆ ಬೇಕಾದ ಆ ಏರುದನಿಗೆ ಇ9 ಎಂಬ ಟ್ಯೂನಿಂಗ್ ರೂಢಿಗೆ ಬಂತು. ಸ್ವಿಂಗಿನಿಂದ ಬಂದ ಸಿ6 ಇನ್ನೊಂದು ನೆಕ್ಕಿನಲ್ಲಿ ಉಳಿಯಿತು. ಜೋಡಿ ನೆಕ್ಕಿನ ವಾದ್ಯದಲ್ಲಿ ಸಾಮಾನ್ಯವಾಗಿ ಇ9 ಆಚೆಗೆ, ಕೇಳುಗರ ಕಡೆಗೆ ಇರುತ್ತದೆ. ಸಿ6 ಈಚೆಗೆ, ವಾದಕರ ಹೊಟ್ಟೆಯ ಬಳಿ. ಆಚೆಯದು ಅನ್ನ ಕೊಡುವ ನೆಕ್. ಈಚೆಯದು ಸ್ಟುಡಿಯೊದ ಕೆಲಸ ಮುಗಿದ ಮೇಲೆ, ಗೆಳೆಯರ ನಡುವೆ ಮನಸಾರೆ ನುಡಿಸುವ ನೆಕ್. ಪೆಡಲ್ ಸ್ಟೀಲ್ ಜಾಝ್‌ನ ಚರಿತ್ರೆ ಬಹುಮಟ್ಟಿಗೆ ಈ ಈಚೆಯ ನೆಕ್ಕಿನ ಚರಿತ್ರೆ.

ಅದರಲ್ಲಿ ಏನಿದೆ ಎಂದು ಹತ್ತಿರದಿಂದ ನೋಡಬೇಕು. ಹತ್ತು ತಂತಿಗಳಲ್ಲಿ ಸಿ, ಇ, ಜಿ, ಎ ಹಲವು ಸಲ ಬರುತ್ತವೆ; ಕೆಳಗೆ ಒಂಬತ್ತನೆಯ ತಂತಿಯಾಗಿ ಒಂದು ಎಫ್. ಸಿ6 ಎಂಬ ಕಾರ್ಡಿನ ಸ್ವರಗಳೇ ಎ ಮೈನರ್ 7ರ ಸ್ವರಗಳು ಕೂಡ. ಅಡಿಗೆ ಎಫ್ ಸೇರಿಸಿದರೆ ಎಫ್ ಮೇಜರ್ 9. ಬಾರ್ ಅಲುಗಿಸದೆ, ಪೆಡಲ್ ಮುಟ್ಟದೆ, ಮೂರು ಹೆಸರು. ಇನ್ನು ಪೆಡಲ್‌ಗಳು. ಐದನೆಯದು ಒಂದು ಜಿಯನ್ನು ಎಫ್ ಶಾರ್ಪ್‌ಗೆ ಇಳಿಸಿ ತಳದ ಸಿಯನ್ನು ಡಿಗೆ ಏರಿಸುತ್ತದೆ, ಡಿ9 ಸಿದ್ಧ. ಆರನೆಯದು ಒಂದು ಇಯನ್ನು ಅರ್ಧ ಸ್ವರ ಇಳಿಸುತ್ತದೆ, ಇನ್ನೊಂದನ್ನು ಏರಿಸುತ್ತದೆ, ಅದು ಎಫ್9. ಏಳನೆಯದು ಸಿಯನ್ನು ಡಿಗೆ, ಎಯನ್ನು ಬಿಗೆ ಎತ್ತಿ ಸಿ ಮೇಜರ್ 9 ಕೊಡುತ್ತದೆ. ಎಂಟನೆಯದು ತಳದ ತಂತಿಗಳನ್ನು ಕೆಳಕ್ಕೆ ಎಳೆದು, ಎ7ರ ಒರಟು ರೂಪವೊಂದನ್ನು ಗುಡುಗಿನ ಹಾಗೆ ಎಬ್ಬಿಸುತ್ತದೆ.

ಜಾಝ್ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ನಡಿಗೆ ಇದೆ: ಎ ಮೈನರ್ 7, ಡಿ9, ಜಿ ಮೇಜರ್ 9. ಪೆಡಲ್ ಸ್ಟೀಲಿನಲ್ಲಿ ಇದನ್ನು ಹೀಗೆ ನುಡಿಸಬಹುದು. ಬಾರ್ ಹನ್ನೆರಡನೆಯ ಗೆರೆಯ ಮೇಲೆ, ಪೆಡಲ್ ಇಲ್ಲದೆ ಮೊದಲ ಕಾರ್ಡ್. ಒಂಬತ್ತಕ್ಕೆ ಇಳಿದು ಆರನೆಯ ಪೆಡಲ್ ಒತ್ತಿದರೆ ಎರಡನೆಯದು. ಏಳಕ್ಕೆ ಇಳಿಯುತ್ತ ಆರನ್ನು ಬಿಟ್ಟು ಏಳನೆಯ ಪೆಡಲ್ ಒತ್ತಿದರೆ ಮೂರನೆಯದು. ಬಾರ್ ಒಂದೇ ದಿಕ್ಕಿನಲ್ಲಿ ಇಳಿಯುತ್ತಿದೆ; ಆದರೆ ಪೆಡಲ್‌ನಿಂದಾಗಿ ಒಳಗಿನ ಕೆಲವು ಸ್ವರಗಳು ಬಾರಿನ ಜೊತೆ ಇಳಿಯುತ್ತಿವೆ, ಕೆಲವು ಇದ್ದಲ್ಲೇ ನಿಲ್ಲುತ್ತಿವೆ. ಪಿಯಾನೊದಲ್ಲಿ ಈ ಕಾರ್ಡ್‌ಗಳು ಒಂದಾದ ಮೇಲೊಂದು ಬರುತ್ತವೆ. ಸಾಮಾನ್ಯ ಗಿಟಾರಿನಲ್ಲಿ ಕೈ ಎತ್ತಿ ಇಡಬೇಕು. ಇಲ್ಲಿ ಒಂದು ಕಾರ್ಡ್ ಇನ್ನೊಂದಾಗಿ ಕರಗುತ್ತದೆ. ಕರಗುವ ಆ ನಡುವಿನ ಕ್ಷಣವೂ ಕಿವಿಗೆ ಬೀಳುತ್ತದೆ. ಬೇರೆ ಯಾವ ಜಾಝ್ ವಾದ್ಯಕ್ಕೂ ಇದು ಒಬ್ಬರ ಕೈಯಲ್ಲಿ ಹೀಗೆ ಸಾಧ್ಯವಿಲ್ಲ.

ಇಷ್ಟಿದ್ದರೂ ಈ ವಾದ್ಯದ ಮೊದಲ ದೊಡ್ಡ ಜಾಝ್ ಪ್ರಯತ್ನ ಬೇರೆ ದಾರಿ ಹಿಡಿಯಿತು. ಇಂಡಿಯಾನಾದ ಮಿಶವಾಕದಲ್ಲಿ 1937ರಲ್ಲಿ ಹುಟ್ಟಿದ ಬಡ್ಡಿ ಎಮನ್ಸ್ ಹದಿಹರೆಯ ದಾಟುವ ಮೊದಲೇ ನ್ಯಾಶ್‌ವಿಲ್ ಸೇರಿದವರು. ಷಾಟ್ ಜ್ಯಾಕ್ಸನ್ ಜೊತೆಗೂಡಿ ಷೋ–ಬಡ್ ಎಂಬ ಸ್ಟೀಲ್ ತಯಾರಿಕೆಯ ಕಂಪನಿಯನ್ನು ಕಟ್ಟಿದರು, ಆಮೇಲೆ ಎಮನ್ಸ್ ಹೆಸರಿನದೇ ಕಂಪನಿ ಮಾಡಿದರು. ಇ9 ಟ್ಯೂನಿಂಗಿನ ಮೇಲ್ತುದಿಯಲ್ಲಿ ಇವತ್ತು ಇರುವ ಎರಡು ತಂತಿಗಳನ್ನು ಸೇರಿಸಿದವರೂ ಅವರೇ. ಅಂದರೆ ಕಂಟ್ರಿ ಸ್ಟೀಲಿನ ಇಂದಿನ ರೂಪವೇ ಅವರ ಕೈಯದು. 1963ರಲ್ಲಿ ಕಂಟ್ರಿ ಗಾಯಕ ರೇ ಪ್ರೈಸ್ ತಂಡದಲ್ಲಿದ್ದಾಗ ಅವರು ನ್ಯೂಯಾರ್ಕ್‌ಗೆ ಹೋಗಿ ಮರ್ಕ್ಯುರಿ ಕಂಪನಿಗೆ ‘ಸ್ಟೀಲ್ ಗಿಟಾರ್ ಜಾಝ್’ ಎಂಬ ಎಲ್‌ಪಿ ಮಾಡಿದರು. ಜೊತೆಗಿದ್ದವರು ನ್ಯಾಶ್‌ವಿಲ್‌ನವರಲ್ಲ: ಸ್ಯಾಕ್ಸೊಫೋನಿಗೆ ಜೆರೋಮ್ ರಿಚರ್ಡ್‌ಸನ್, ಪಿಯಾನೊಗೆ ಬಾಬಿ ಸ್ಕಾಟ್, ಬಾಸ್‌ಗೆ ಆರ್ಟ್ ಡೇವಿಸ್, ಡ್ರಮ್ಸ್‌ಗೆ ಚಾರ್ಲಿ ಪರ್ಸಿಪ್. ಡೇವಿಸ್ ಜಾನ್ ಕೋಲ್ಟ್ರೇನ್ ಅವರೊಂದಿಗೆ, ಪರ್ಸಿಪ್ ಡಿಝಿ ಗಿಲೆಸ್ಪಿಯವರೊಂದಿಗೆ ನುಡಿಸಿದ್ದವರು.

ಆ ಎಲ್‌ಪಿಯಲ್ಲಿ ಹೋರೇಸ್ ಸಿಲ್ವರ್ ಅವರ ‘ದಿ ಪ್ರೀಚರ್’ ಇದೆ, ಸನ್ನಿ ರೋಲಿನ್ಸ್ ಅವರ ‘ಓಲಿಯೊ’ ಇದೆ. ‘ಓಲಿಯೊ’ ಆರಿಸಿಕೊಂಡದ್ದೇ ಒಂದು ಸವಾಲು. ಗರ್ಶ್‌ವಿನ್ ಅವರ ‘ಐ ಗಾಟ್ ರಿದಮ್’ ಹಾಡಿನ ಕಾರ್ಡ್‌ಗಳ ಮೇಲೆ ಕಟ್ಟಿದ ಆ ರಚನೆಯಲ್ಲಿ ಕಾರ್ಡ್‌ಗಳು ಬೇಗ ಬೇಗ ಬದಲಾಗುತ್ತವೆ. ರಾಗ ಮುರಿದು ಮುರಿದು ಹಾರುತ್ತದೆ. ಸ್ಟೀಲಿನ ಹುಟ್ಟುಗುಣ ಇದಕ್ಕೆ ತದ್ವಿರುದ್ಧ: ಮೀಟಿದ ತಂತಿ ನಿಲ್ಲುವುದೇ ಇಲ್ಲ. ಸ್ಯಾಕ್ಸೊಫೋನ್ ವಾದಕರು ಉಸಿರು, ನಾಲಿಗೆ ತಡೆದರೆ ಸ್ವರ ನಿಲ್ಲುತ್ತದೆ. ಸ್ಟೀಲ್ ವಾದಕರು ಪ್ರತಿ ಸ್ವರವನ್ನೂ ಕೈಯಾರೆ ಕೊಲ್ಲಬೇಕು. ಬಲ ಅಂಗೈಯ ಅಂಚನ್ನು ತಂತಿಗೆ ತಾಗಿಸಿ ನಿಲ್ಲಿಸುವುದು ಒಂದು ಕ್ರಮ. ಮೀಟಿದ ಪಿಕ್ಕನ್ನೇ ಮತ್ತೆ ತಂತಿಯ ಮೇಲಿಟ್ಟು ನಿಲ್ಲಿಸುವುದು ಇನ್ನೊಂದು. ವೇಗ ಏರಿದಂತೆ ಈ ನಿಲ್ಲಿಸುವ ಕೆಲಸ ಮೀಟುವ ಕೆಲಸಕ್ಕಿಂತ ಕಠಿಣವಾಗುತ್ತದೆ. ಜೊತೆಗೆ ಬಾರನ್ನು ಉದ್ದಕ್ಕೂ ಓಡಿಸಿದರೆ ಪ್ರತಿ ಸ್ವರಕ್ಕೂ ಜಾರು ಅಂಟಿಕೊಳ್ಳುತ್ತದೆ. ಅದಕ್ಕೇ ವಾದಕರು ಬಾರನ್ನು ಒಂದೆರಡು ಗೆರೆಗಳ ನಡುವೆ ಇರಿಸಿ, ತಂತಿಯಿಂದ ತಂತಿಗೆ ಅಡ್ಡವಾಗಿ ಸಾಗುತ್ತ, ಸಿಗದ ಸ್ವರವನ್ನು ಪೆಡಲಿನಿಂದ ಪಡೆಯುತ್ತಾರೆ. ಎಮನ್ಸ್ ಇದನ್ನೆಲ್ಲ ನೀರು ಕುಡಿದಂತೆ ಮಾಡುತ್ತಾರೆ. ರಿಚರ್ಡ್‌ಸನ್ ಸೋಲೊ ಮುಗಿಸಿ ಸ್ಟೀಲ್ ಒಳಬರುವ ಕಡೆಗಳಲ್ಲಿ ಎಲ್ಲೂ ಕಾವು ಇಳಿಯುವುದಿಲ್ಲ.

ಆ ಎಲ್‌ಪಿ ಒಂದು ಪರೀಕ್ಷೆಯನ್ನು ಗೆದ್ದಿತು, ಅದನ್ನು ಗೆಲ್ಲಲೇಬೇಕಿತ್ತು. ಆದರೆ ಗೆದ್ದ ನಂತರ ಬಹಳ ಮಂದಿ ಪರೀಕ್ಷೆಯನ್ನೇ ಗುರಿ ಎಂದುಕೊಂಡರು. ಮುಂದಿನ ದಶಕಗಳಲ್ಲಿ ಸ್ಟೀಲ್ ಜಾಝ್ ಎಂದರೆ ಬೀಬಾಪ್ ಎಂಬ ವೇಗದ ಜಾಝ್ ಶೈಲಿಯ ಸಾಲುಗಳನ್ನು ಎಷ್ಟು ವೇಗದಲ್ಲಿ, ಎಷ್ಟು ಶುದ್ಧವಾಗಿ ನುಡಿಸಬಲ್ಲಿರಿ ಎಂಬ ಲೆಕ್ಕವಾಯಿತು. ಸ್ಟೀಲ್ ವಾದಕ ಡಗ್ ಜರ್ನಿಗನ್ ಆ ಲೆಕ್ಕದಲ್ಲಿ ಯಾರಿಗೂ ಕಡಿಮೆಯಲ್ಲ. ಗಿಟಾರ್ ವಾದಕ ಬಕಿ ಪಿಝರೆಲಿ ಜೊತೆ ಅವರು ಮಾಡಿದ ರೆಕಾರ್ಡ್ ಇವತ್ತಿಗೂ ಸ್ಟೀಲ್ ವಿದ್ಯಾರ್ಥಿಗಳಿಗೆ ಪಾಠ. ಎಮನ್ಸ್ ತಾವೇ ಆ ಓಟದಿಂದ ಮುಂದೆ ಬೇರೆ ಕಡೆಗೆ ಹೊರಳಿದರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. 1978ರಲ್ಲಿ ಗಿಟಾರ್ ವಾದಕ ಲೆನ್ನಿ ಬ್ರೋ ಜೊತೆ ಅವರು ಮಾಡಿದ ‘ಮೈನರ್ಸ್ ಅಲೌಡ್’ನಲ್ಲಿ ಅವಸರ ಕಡಿಮೆ, ಇಬ್ಬರ ಕಾರ್ಡ್‌ಗಳೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ.

ಎರಡನೆಯ ದಾರಿಯ ಯಜಮಾನ ಕರ್ಲಿ ಚಾಕರ್. ಹೊಟೇಲು, ಕ್ಲಬ್ಬುಗಳಲ್ಲಿ, ಲಾಸ್ ವೇಗಸ್‌ನಲ್ಲಿ, ಆಮೇಲೆ ನ್ಯಾಶ್‌ವಿಲ್ ಟೆಲಿವಿಷನ್ನಿನಲ್ಲಿ ದುಡಿದ ಕಲಾವಿದ. ಹೆಸರು ಎಮನ್ಸ್ ಅವರಷ್ಟು ಹಬ್ಬಲಿಲ್ಲ. ಒಂದು ಸಾಲನ್ನು ಒಂಟಿ ಸ್ವರಗಳಲ್ಲಿ ನುಡಿಸುವ ಬದಲು ಪ್ರತಿ ಸ್ವರದ ಕೆಳಗೂ ಇಡೀ ಕಾರ್ಡ್ ಇಟ್ಟು, ಬಿಗ್ ಬ್ಯಾಂಡಿನ ಸ್ಯಾಕ್ಸೊಫೋನ್ ಸಾಲು ಒಟ್ಟಿಗೆ ಉಸಿರಾಡಿದಂತೆ ನುಡಿಸುವುದು ಅವರ ರೀತಿ. ಅವರ ‘ಬಿಗ್ ಹಿಟ್ಸ್ ಆನ್ ಬಿಗ್ ಸ್ಟೀಲ್’ ಹೆಸರು ನೋಡಿದರೆ ಜನಪ್ರಿಯ ಹಾಡುಗಳ ಸಂಕಲನ. ಕೇಳಿದರೆ ಕಾರ್ಡ್‌ಗಳ ಪಾಠಶಾಲೆ. 1970ರ ದಶಕದಲ್ಲಿ ಫ್ಲೈಯಿಂಗ್ ಫಿಷ್ ಕಂಪನಿ ಪಿಟೀಲಿನ ಹಿರಿಯ ಜೋ ವೆನುಟಿ, ಮ್ಯಾಂಡೊಲಿನ್‌ನ ಜೆತ್ರೊ ಬರ್ನ್ಸ್, ಗಿಟಾರಿನ ಎಲ್ಡನ್ ಷಾಂಬ್ಲಿನ್ ಇವರೊಂದಿಗೆ ಚಾಕರ್ ಅವರನ್ನು ಕೂಡಿಸಿ ಒಂದು ಎಲ್‌ಪಿ ತಂದಿತು. ನಾಲ್ವರೂ ತಂತಿವಾದ್ಯದವರು, ಊದುವಾದ್ಯವಿಲ್ಲ. ಆದರೂ ಅಲ್ಲಿ ಒಂದು ಬಿಗ್ ಬ್ಯಾಂಡ್ ಇದ್ದಂತೆ ಕೇಳಿಸುವುದು ಚಾಕರ್ ಅವರ ಸಿ6 ನೆಕ್ಕಿನಿಂದ.

ಇಲ್ಲಿ ಜೆರ್ರಿ ಬರ್ಡ್ ಅವರ ಆಕ್ಷೇಪಕ್ಕೆ ಬರುತ್ತೇನೆ. ಪೆಡಲ್ ಕಾರ್ಡನ್ನು ಸಿದ್ಧಪಡಿಸಿ ಕೊಡುತ್ತದೆ. ಸಿದ್ಧವಾದದ್ದು ಕೈಗೆ ಸಿಕ್ಕಾಗ ಕಿವಿ ಸೋಮಾರಿಯಾಗುತ್ತದೆ ಎಂಬ ಭಯ ಸುಳ್ಳಲ್ಲ. ಆರನೆಯ ಪೆಡಲ್ ಒತ್ತಿದರೆ ಪ್ರತಿ ಬಾರಿಯೂ ಅದೇ ಎರಡು ತಂತಿ, ಅದೇ ಅಂತರ, ಅದೇ ದಿಕ್ಕು. ಹತ್ತು ಜನ ವಾದಕರ ಸೋಲೊದಲ್ಲಿ ಅದೇ ಜಾಗದಲ್ಲಿ ಅದೇ ತಿರುವು ಕೇಳಿಬರುವುದು ಇದರಿಂದಲೇ. ಯಂತ್ರಕ್ಕೆ ಗೊತ್ತಿರುವ ದಾರಿಯನ್ನು ತಮ್ಮ ಮನೋಧರ್ಮ ಎಂದು ತಿಳಿಯುವ ಅಪಾಯ ಪೆಡಲ್ ಸ್ಟೀಲಿನಲ್ಲಿರುವಷ್ಟು ಬೇರೆ ವಾದ್ಯದಲ್ಲಿಲ್ಲ. ಒಳ್ಳೆಯ ವಾದಕರು ಪೆಡಲನ್ನು ಅರ್ಧಕ್ಕೇ ಒತ್ತುತ್ತಾರೆ, ಬಾರನ್ನು ಅದರ ವಿರುದ್ಧ ಸರಿಸುತ್ತಾರೆ, ಪೆಡಲ್ ಹಿಡಿದು ಮೀಟಿ ಬಿಡುವಾಗ ಸ್ವರ ಬದಲಿಸುತ್ತಾರೆ. ಯಂತ್ರದೊಡನೆ ಈ ಜಗಳವಿಲ್ಲದೆ ಜಾಝ್ ಹುಟ್ಟುವುದಿಲ್ಲ.

ಶ್ರುತಿಯ ತೊಡಕೂ ಇದೆ. ನಮ್ಮ ಸಂಗೀತ ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಇ9ರಲ್ಲಿ ಮೂರು ಸ್ವರದ ಸರಳ ಕಾರ್ಡ್ ನಿಚ್ಚಳವಾಗಿ ನಿಲ್ಲಬೇಕೆಂದು ವಾದಕರು ಮೂರನೆಯ ಸ್ವರವನ್ನು, ಅಂದರೆ ನಮ್ಮ ಅಂತರ ಗಾಂಧಾರದ ಸ್ಥಾನವನ್ನು, ಪಿಯಾನೊದ ಗಾಂಧಾರಕ್ಕಿಂತ ಸುಮಾರು ಅರ್ಧಸ್ವರದ ಏಳನೆಯ ಒಂದು ಭಾಗದಷ್ಟು ಇಳಿಸಿ ಶ್ರುತಿ ಮಾಡುತ್ತಾರೆ. ತಂಬೂರಿಯೊಂದಿಗೆ ಸೇರುವ ಗಾಂಧಾರ ಅದೇ. ಕಂಟ್ರಿ ಹಾಡಿಗೆ ಅದು ಹಿತ. ಜಾಝ್ ಕಾರ್ಡಿನಲ್ಲಿ ಐದಾರು ಸ್ವರಗಳಿವೆ. ಒಂದು ಕಾರ್ಡಿನಲ್ಲಿ ಗಾಂಧಾರವಾದ ತಂತಿ ಮುಂದಿನದರಲ್ಲಿ ಮೂಲಸ್ವರವಾಗುತ್ತದೆ. ಪಕ್ಕದಲ್ಲಿ ಪಿಯಾನೊ ಬೇರೆ ಇದ್ದರೆ ಇಳಿಸಿದ ಗಾಂಧಾರ ತಪ್ಪು ಗಾಂಧಾರವಾಗಿ ಕೇಳಿಸುತ್ತದೆ. ಹಾಗಾಗಿ ಎಲ್ಲ ತಂತಿಗಳನ್ನೂ ಪಿಯಾನೊಗೆ ಸಮನಾಗಿ ಇಡುವವರು, ತುಸು ಮಾತ್ರ ಇಳಿಸುವವರು, ಪೂರ್ತಿ ಕಿವಿಯನ್ನೇ ನಂಬುವವರು ಎಂದು ವಾದಕರಲ್ಲಿ ಪಂಗಡಗಳೇ ಆಗಿವೆ. ಪೆಡಲ್ ಒತ್ತಿದಾಗ ತಂತಿಗಳ ಎಳೆತ ಬದಲಾಗಿ ಚೌಕಟ್ಟೇ ಕೂದಲೆಳೆಯಷ್ಟು ಬಾಗಿ, ಮುಟ್ಟದ ತಂತಿಗಳ ಶ್ರುತಿಯೂ ಸ್ವಲ್ಪ ಇಳಿಯುವುದುಂಟು. ಇದನ್ನೆಲ್ಲ ಸರಿಪಡಿಸುವುದು ಬಾರ್ ಹಿಡಿದ ಎಡಗೈ, ಅದಕ್ಕೆ ದಾರಿ ತೋರುವುದು ಕಿವಿ.

ಹವಾಯಿಯ ಇದೇ ವಾದ್ಯ ಭಾರತಕ್ಕೂ ಬಂತು. ಹವಾಯಿಯ ಟಾವು ಮೋ ಅವರು 1940ರ ದಶಕದಲ್ಲಿ ಕಲ್ಕತ್ತದಲ್ಲಿ ನೆಲೆಸಿ ನುಡಿಸಿದರು, ಕಲಿಸಿದರು. ವ್ಯಾನ್ ಶಿಪ್ಲಿ ಹಿಂದಿ ಚಿತ್ರಗೀತೆಗಳನ್ನು ಅದರಲ್ಲಿ ಮನೆಮನೆಗೆ ಮುಟ್ಟಿಸಿದರು. ಬ್ರಿಜ್ ಭೂಷಣ್ ಕಾಬ್ರಾ ಅದನ್ನು ರಾಗಸಂಗೀತಕ್ಕೆ ಒಗ್ಗಿಸಿದರು. ವಿಶ್ವಮೋಹನ್ ಭಟ್ ಅದಕ್ಕೆ ತರಬ್ ತಂತಿಗಳನ್ನು ಕೂಡಿಸಿ ಮೋಹನವೀಣೆ ಮಾಡಿದರು. ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಸ್ಲೈಡ್ ಗಿಟಾರಿನಲ್ಲಿ ಹಿಂದೂಸ್ತಾನಿ ನುಡಿಸುತ್ತ ಬಂದಿದ್ದಾರೆ. ಇವರಾರಿಗೂ ಪೆಡಲ್ ಬೇಕಾಗಲಿಲ್ಲ. ರಾಗಕ್ಕೆ ಬೇಕಾದ ಮೀಂಡು, ಗಮಕ ಬಾರಿನಲ್ಲೇ ಇದೆ; ಹಿಂದೆ ಷಡ್ಜ ಮೊಳಗುತ್ತಿದ್ದರೆ ಸಾಕು. ಒಂದೇ ಹವಾಯಿ ಗಿಟಾರಿಗೆ ಭಾರತ ಅನುರಣನದ ತಂತಿ ಕಟ್ಟಿತು, ಅಮೆರಿಕ ಪೆಡಲ್ ಕಟ್ಟಿತು. ಸ್ವರ ಒಂಟಿಯಾಗಿ ಬೆಳೆಯುವ ಸಂಗೀತಕ್ಕೂ ಸ್ವರಗಳು ಗುಂಪಾಗಿ ಬದಲಾಗುವ ಸಂಗೀತಕ್ಕೂ ಏನೇನು ಬೇಕು ಎಂಬುದು ಈ ಎರಡು ಸೇರ್ಪಡೆಗಳಲ್ಲೇ ಕಾಣುತ್ತದೆ.

ಇಷ್ಟು ಶಕ್ತಿಯಿದ್ದ ವಾದ್ಯವನ್ನು ಜಾಝ್ ಲೋಕ ಏಕೆ ಕರೆಯಲಿಲ್ಲ? ವಾದ್ಯದ ಮೈಭಾರ ಒಂದು ಕಾರಣ, ಅದನ್ನು ಹಗುರವಾಗಿ ಕಾಣಬಾರದು. ಜಾಝ್ ಬೆಳೆದದ್ದು ರಾತ್ರಿ ಕ್ಲಬ್ಬಿಗೆ ಬಂದು, ಇನ್ನೊಬ್ಬರ ತಂಡದಲ್ಲಿ ಎದ್ದು ನಿಂತು ಎರಡು ಹಾಡು ನುಡಿಸಿ ಹೋಗುವ ರೂಢಿಯಿಂದ. ಪೆಟ್ಟಿಗೆ ಸೇರಿ ಸುಮಾರು 30 ಕಿಲೋ ತೂಗುವ ಜೋಡಿ ನೆಕ್ ಸ್ಟೀಲನ್ನು ಹೊತ್ತು ತಂದು, ಕಾಲು ತಿರುಗಿಸಿ, ಪೆಡಲ್ ಸರಳುಗಳನ್ನು ಸಿಕ್ಕಿಸಿ, ಇಪ್ಪತ್ತು ತಂತಿ ಶ್ರುತಿ ಮಾಡುವ ಹೊತ್ತಿಗೆ ಆ ಹಾಡು ಮುಗಿದಿರುತ್ತದೆ. ಇನ್ನೊಂದು ಕಾರಣ ಅಮೆರಿಕದ ಸಮಾಜದಲ್ಲೇ ಇದೆ. ಕಂಟ್ರಿ ಎಂದರೆ ಬಿಳಿಯರ ಸಂಗೀತ, ಜಾಝ್ ಎಂದರೆ ಕರಿಯರ ಸಂಗೀತ ಎಂದು ರೆಕಾರ್ಡ್ ಕಂಪನಿಗಳು ಗೆರೆ ಎಳೆದಿದ್ದವು. ಸ್ಟೀಲ್ ಆ ಗೆರೆಯ ಒಂದು ಬದಿಗೆ ಬಿತ್ತು. ಹೌಸ್ ಆಫ್ ಗಾಡ್ ಎಂಬ ಕರಿಯರ ಚರ್ಚುಗಳಲ್ಲಿ ವಿಲಿ ಈಸನ್ ಅವರ ಕಾಲದಿಂದ, ಅಂದರೆ 1930ರ ದಶಕದ ಕೊನೆಯಿಂದ, ಆರಾಧನೆಗೆ ಸ್ಟೀಲ್ ನುಡಿಸುವ ಅಬ್ಬರದ ಪರಂಪರೆ ಇತ್ತು. ಆರ್ಹೂಲಿ ಕಂಪನಿ 1997ರಲ್ಲಿ ‘ಸೇಕ್ರೆಡ್ ಸ್ಟೀಲ್’ ಧ್ವನಿಮುದ್ರಿಕೆ ಹೊರತರುವವರೆಗೆ ಹೊರಗಿನ ಹೆಚ್ಚಿನವರಿಗೆ ಅದರ ಸುಳಿವೇ ಇರಲಿಲ್ಲ. ನ್ಯಾಶ್‌ವಿಲ್, ನ್ಯೂಯಾರ್ಕ್, ಚರ್ಚು: ಒಂದೇ ವಾದ್ಯ ಬಲ್ಲ ಮೂರು ಲೋಕಗಳು ಪರಸ್ಪರ ಮುಖ ನೋಡದೆ ಅರ್ಧ ಶತಮಾನ ಕಳೆದವು. ಆ ಅರ್ಧ ಶತಮಾನದ ನಷ್ಟವನ್ನು ನೆನೆದರೆ ಸಂಕಟವಾಗುತ್ತದೆ.

1990ರ ದಶಕದಿಂದ ಗಾಳಿ ಬದಲಾಯಿತು. ಡ್ರಮ್ಸ್ ವಾದಕ ಬ್ರಯಾನ್ ಬ್ಲೇಡ್ 1998ರಲ್ಲಿ ಬ್ಲೂ ನೋಟ್ ಕಂಪನಿಗೆ ಮಾಡಿದ ಮೊದಲ ‘ಫೆಲೋಶಿಪ್’ ಆಲ್ಬಮ್ಮಿನಲ್ಲಿ ನ್ಯೂ ಆರ್ಲಿಯನ್ಸ್‌ನ ಡೇವ್ ಈಸ್ಲಿ ಅವರ ಪೆಡಲ್ ಸ್ಟೀಲನ್ನು ತಂಡದ ಮೈಯೊಳಗೇ ಸೇರಿಸಿಕೊಂಡರು. ಸೋಲೊಗಾಗಿ ಅಲ್ಲ, ಒಟ್ಟು ಬಣ್ಣಕ್ಕಾಗಿ. ಗಿಟಾರಿನ ಬಿಲ್ ಫ್ರಿಸೆಲ್ ಜೊತೆ ಬಹುಕಾಲ ನುಡಿಸಿದ ಗ್ರೆಗ್ ಲೀಸ್, 2016ರ ‘ಐ ಲಾಂಗ್ ಟು ಸೀ ಯೂ’ನಲ್ಲಿ ಸ್ಯಾಕ್ಸೊಫೋನಿನ ಹಿರಿಯ ಚಾರ್ಲ್ಸ್ ಲಾಯ್ಡ್ ಹಿಂದೆ ಕೂರುತ್ತಾರೆ. ಲೀಸ್ ಅವರದು ಕಡಿಮೆ ಸ್ವರಗಳ ವಾದನ. ಲಾಯ್ಡ್ ಅವರ ಸ್ವರ ಕೊನೆಯಾಗುವ ಜಾಗದಲ್ಲಿ ಸ್ಟೀಲ್ ಸದ್ದಿಲ್ಲದೆ ಹೊಕ್ಕು ಕಾರ್ಡಿನ ನೆಲವನ್ನು ತುಸು ಸರಿಸುತ್ತದೆ, ಅಷ್ಟೇ. ಅದರಿಂದ ಲಾಯ್ಡ್ ಮುಂದಿನ ಸಾಲನ್ನು ಬೇರೆ ಕಡೆಯಿಂದ ಎತ್ತಿಕೊಳ್ಳುತ್ತಾರೆ.

ಎಲ್ಲರಿಗಿಂತ ದೂರ ಹೋದವರು ಸೂಸನ್ ಆಲ್ಕಾರ್ನ್. 1953ರಲ್ಲಿ ಹುಟ್ಟಿ, ಟೆಕ್ಸಸ್‌ನ ಕಂಟ್ರಿ ಮತ್ತು ವೆಸ್ಟರ್ನ್ ಸ್ವಿಂಗ್ ತಂಡಗಳಲ್ಲಿ ವರ್ಷಗಟ್ಟಲೆ ನುಡಿಸಿ ಕೈ ಕುದುರಿಸಿಕೊಂಡವರು. ಮುಂದೆ ಬಾಲ್ಟಿಮೋರ್‌ಗೆ ಬಂದರು. ಒಲಿವಿಯೆ ಮೆಸಿಯಾನ್, ಆಸ್ಟರ್ ಪಿಯಾಝೊಲಾ, ಪಾಲಿನ್ ಒಲಿವೆರೊಸ್ ಎಂಬ ರಚನಾಕಾರರ ಸಂಗೀತವನ್ನು ಸ್ಟೀಲಿನ ಮೂಲಕ ಅರಗಿಸಿಕೊಂಡರು. 2015ರ ‘ಸೊಲೆಡಾಡ್’ ಪಿಯಾಝೊಲಾ ಅವರ ಟ್ಯಾಂಗೊ ರಚನೆಗಳ ಆಲ್ಬಮ್. ಟ್ಯಾಂಗೊದ ಬ್ಯಾಂಡೊನಿಯನ್ ಗಾಳಿ ಎಳೆದು ಬಿಡುವ ವಾದ್ಯ. ಆಲ್ಕಾರ್ನ್ ಆ ಉಬ್ಬರವಿಳಿತವನ್ನು ವಾಲ್ಯೂಮ್ ಪೆಡಲಿನಿಂದ ತರುತ್ತಾರೆ, ನಡುವಿನ ಸ್ವರಗಳ ಕರಗುವಿಕೆಯನ್ನು ಪೆಡಲ್, ಲಿವರ್‌ಗಳಿಂದ. ಅವರ ಮುಕ್ತವಾದನದಲ್ಲಿ ಬಾರ್ ತಂತಿಗೆ ತಾಗುವ ಕಿರುಸದ್ದು, ಪೆಡಲ್ ಬಿಟ್ಟಾಗಿನ ಲೋಹದ ನಿಟ್ಟುಸಿರು, ತಳದ ತಂತಿಯ ಗೊಗ್ಗರ ಎಲ್ಲಕ್ಕೂ ಜಾಗವಿತ್ತು. ಸ್ವಿಂಗ್ ಮತ್ತು ಬೀಬಾಪ್ ವಾದಕರು ಮರೆಮಾಚಲು ದುಡಿದ ಗುಣಗಳನ್ನೆಲ್ಲ ಅವರು ಮುಂದಕ್ಕೆ ತಂದರು. ಹಿನ್ನೆಲೆಯಲ್ಲಿ ಚಾಕರ್ ಅವರಂಥವರ ಕಾರ್ಡ್ ವಿದ್ಯೆ ಪೂರ್ತಿ ಕೈವಶವಾಗಿದ್ದುದರಿಂದಲೇ ಆ ಸ್ವಾತಂತ್ರ್ಯಕ್ಕೆ ಅಷ್ಟು ತೂಕ.

ಅವರಿಗೆ ಬಂದ ಕರೆಯೂ ಹೊಸ ಬಗೆಯದು. ಗಿಟಾರ್ ವಾದಕಿ, ಸಂಗೀತ ರಚನಾಕಾರ್ತಿ ಮೇರಿ ಹಾಲ್ವರ್ಸನ್ ತಮ್ಮ ಏಳು ಜನರ ತಂಡಕ್ಕೆ ಎಂಟನೆಯವರಾಗಿ ಆಲ್ಕಾರ್ನ್ ಅವರನ್ನು ಸೇರಿಸಿಕೊಂಡು 2016ರಲ್ಲಿ ‘ಅವೇ ವಿತ್ ಯೂ’ ಹೊರತಂದರು. ಟ್ರಂಪೆಟ್, ಎರಡು ಸ್ಯಾಕ್ಸೊಫೋನ್, ಟ್ರಾಂಬೋನ್, ಬಾಸ್, ಡ್ರಮ್ಸ್, ಹಾಲ್ವರ್ಸನ್ ಅವರ ಗಿಟಾರ್. ಇವುಗಳ ನಡುವೆ ಪೆಡಲ್ ಸ್ಟೀಲಿಗೆಂದೇ ರಚಿಸಿದ ಭಾಗ. ನಾಲ್ಕು ಊದುವಾದ್ಯಗಳು ಹಿಡಿದ ಕಾರ್ಡಿನಲ್ಲಿ ಒಂದೇ ಒಂದು ಸ್ವರ ಮೆಲ್ಲಗೆ ಜಾಗ ಬಿಡುವುದು ಅಲ್ಲಿ ಕೇಳಿಸುತ್ತದೆ. ಬಾಬ್ ಡನ್ ಟ್ರಾಂಬೋನನ್ನು ಅನುಕರಿಸಿ ಒಳಹೊಕ್ಕ ಜಾಝ್‌ನಲ್ಲಿ ಈಗ ಟ್ರಾಂಬೋನ್ ಪಕ್ಕದಲ್ಲೇ ಸ್ಟೀಲಿಗೆ ತನ್ನದೇ ಆಸನವಿದೆ. 2020ರ ‘ಪೆಡರ್ನಾಲ್’ನಲ್ಲಿ ಆಲ್ಕಾರ್ನ್ ತಾವೇ ಐವರ ತಂಡಕ್ಕೆ ರಚಿಸಿದರು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಸ್ಟೀಲನ್ನು ನೆನಪಿನಲ್ಲಿಟ್ಟುಕೊಂಡು ಜಾಝ್ ಬರೆಯುವ ರಚನಾಕಾರರು ಇನ್ನೂ ಕೆಲವರೇ. ಹಾಲ್ವರ್ಸನ್ ಅವರಂತೆ ಕರೆದು ಬರೆಯುವವರು ಹೆಚ್ಚಿದಷ್ಟೂ ಈಚೆಯ ನೆಕ್ಕಿಗೆ ಕೆಲಸ ಹೆಚ್ಚುತ್ತದೆ.